ರೀಸ್ಟಾರ್ಟ್ ಆದ ಕೂಡಲೇ ಸರ್ವಿಸ್ ಮತ್ತೆ ಬೀಳುತ್ತಿರುವುದಕ್ಕೆ

ಎಬ್ಬಿಸಿದ ಎರಡೇ ನಿಮಿಷಕ್ಕೆ ನಿಮ್ಮ ಪೇಮೆಂಟ್ ಸರ್ವಿಸ್ ಮತ್ತೆ ಮಲಗುತ್ತಿದೆ ಅಂದರೆ, ಬಹುಶಃ ರೀಟ್ರೈಗಳೇ (ವಿಫಲವಾದ ಕರೆಯನ್ನು ತಾನಾಗಿಯೇ ಮತ್ತೆ ಮಾಡುವುದು) ಅದನ್ನು ಕೆಡವುತ್ತಿವೆ. ನೀವು ಹೇಳಿದಂತೆ ಕರೆ ಒಂದರ ಕೆಳಗೊಂದು ಮೂರು ಹಂತ ದಾಟಿ ಈ ಸರ್ವಿಸ್‌ಗೆ ಬರುತ್ತಿದ್ದು, ಪ್ರತಿ ಹಂತದಲ್ಲೂ 3 ಪ್ರಯತ್ನವಿದ್ದರೆ, ಬಳಕೆದಾರ ಒಮ್ಮೆ ಒತ್ತಿದ್ದು ಕೆಳಗೆ 27 (3×3×3) ಕರೆಯಾಗಬಹುದು. ಲಾಗ್ (ಸರ್ವಿಸ್ ಬರೆದಿಡುವ ದಾಖಲೆ) ನೋಡದೆ ಖಚಿತವಾಗಿ ಹೇಳಲಾರೆ. ಒಂದೇ ರಿಕ್ವೆಸ್ಟ್ ಐಡಿ (ಬಳಕೆದಾರನ ಒಂದು ಕೋರಿಕೆಯ ಗುರುತು) ಎಷ್ಟು ಸಲ ಬಂದಿದೆ ಅಂತ ಮೊದಲು ಎಣಿಸಿ.

ಒಂದೇ ಐಡಿ ಹಲವು ಸಲ ಬಂದಿದ್ದರೆ, ತೀರಾ ಮೇಲಿನ ಹಂತ ಬಿಟ್ಟು ಉಳಿದೆಡೆ ರೀಟ್ರೈ ತೆಗೆಯಿರಿ. ಆ ಮೇಲಿನ ಹಂತದಲ್ಲೂ ಮತ್ತೆ ಪ್ರಯತ್ನಿಸುವ ಮುನ್ನ ಕಾಯುವ ಸಮಯ 200, 400 ಮಿಲಿಸೆಕೆಂಡ್ ಅಂತ ದುಪ್ಪಟ್ಟಾಗಲಿ, ಜೊತೆಗೆ ಜಿಟರ್ (ಆ ಸಮಯದಲ್ಲಿ ಯಾದೃಚ್ಛಿಕವಾದ ಸಣ್ಣ ಏರುಪೇರು) ಇರಲಿ. ಇಲ್ಲದಿದ್ದರೆ ಎಲ್ಲ ರೀಟ್ರೈಗಳೂ ಒಟ್ಟಿಗೇ ನುಗ್ಗುತ್ತವೆ. ಐಡೆಂಪೊಟೆನ್ಸಿ ಕೀ (ಅದೇ ಕೋರಿಕೆ ಮತ್ತೆ ಬಂದರೆ ಗುರುತಿಸಿ ಒಂದೇ ಸಲ ನಡೆಸಲು ಜೊತೆಗೆ ಕಳಿಸುವ ಗುರುತು) ಇಲ್ಲದೆ ಪೇಮೆಂಟ್‌ಗೆ ರೀಟ್ರೈ ಬೇಡವೇ ಬೇಡ, ದುಡ್ಡು ಎರಡು ಸಲ ಕಟ್ ಆದೀತು. ಸರ್ವರ್ ಹೆಚ್ಚಿಸುವ ಮಾತು ಆಮೇಲೆ. ಈ ಸಲ ಎಬ್ಬಿಸುವಾಗ 10% ಟ್ರಾಫಿಕ್ ಮಾತ್ರ ಒಳಬಿಟ್ಟು, ಸರ್ವಿಸ್ ಬೀಳದೆ ನಿಂತರೆ ಏರಿಸುತ್ತಾ ಹೋಗಿ.