ಗೆರೆ ಬದಲಾಗುತ್ತದೆ, ಬಿಂದು ಬದಲಾಗುವುದಿಲ್ಲ

ಲಕ್ಷ್ಮೇಶ್ವರದ ಓದುಗರೊಬ್ಬರ ಪ್ರಶ್ನೆ: ‘ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಎರಡು ಸಮೀಕರಣ ಕೊಟ್ಟರೆ ವರ್ಜಿಸುವ ವಿಧಾನದಲ್ಲಿ (ಎರಡನ್ನೂ ಕೂಡಿಸಿ ಇಲ್ಲವೇ ಕಳೆದು ಒಂದು ಅಕ್ಷರವನ್ನು ತೆಗೆದುಹಾಕಿ) ಪಟಪಟ ಬಿಡಿಸುತ್ತಾಳೆ. ಅದೇ ಲೆಕ್ಕಕ್ಕೆ ಗ್ರಾಫ್ ಹಾಳೆ ಹಿಡಿದರೆ ಅರ್ಧ ಗಂಟೆ ಬೇಕು. ಅಂಕ ಸಿಗುತ್ತದೆ ಅನ್ನುವುದು ಬಿಟ್ಟರೆ ಈ ಗ್ರಾಫ್‌ನಿಂದ ಏನು ಉಪಯೋಗ?’

ನಮಸ್ಕಾರ ಸರ್. ಬರೀ ಉತ್ತರ ಬೇಕಿದ್ದರೆ ಗ್ರಾಫ್ ಬೇಡ, ಒಪ್ಪುತ್ತೇನೆ. ಉತ್ತರ 17/7 ಅಂತ ಬಂದರೆ ಹಾಳೆಯ ಮೇಲೆ ಅದನ್ನು ಸರಿಯಾಗಿ ಓದುವುದಕ್ಕೂ ಆಗುವುದಿಲ್ಲ. ಆದರೆ ಮಗಳು ಪಟಪಟ ಬರೆಯುವ ಸಾಲುಗಳಲ್ಲಿ ಏನು ನಡೆಯುತ್ತಿದೆ ಅಂತ ಅವಳಿಗೆ ಗೊತ್ತಾ? ಅದು ಕಣ್ಣಿಗೆ ಕಾಣುವುದು ಗ್ರಾಫ್‌ನಲ್ಲೇ.

ನಿಮ್ಮ ಊರು ಪುಲಿಗೆರೆಯಾಗಿದ್ದ ಕಾಲದ ಲೆಕ್ಕವೊಂದನ್ನೇ ತೆಗೆದುಕೊಳ್ಳೋಣ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ತಮ್ಮ ‘ಗಣಿತಸಾರಸಂಗ್ರಹ’ ಗ್ರಂಥದಲ್ಲಿ ಕೇಳಿದ್ದು: 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು?

9ಮಾ + 7ಬೇ = 107
7ಮಾ + 9ಬೇ = 101

ಮೊದಲ ಸಾಲು ಮಾತ್ರ ಇದ್ದರೆ ಬೆಲೆ ಗೊತ್ತಾಗುವುದಿಲ್ಲ. ಮಾದಲ 1, ಬೇಲ 14 ಆದರೂ 107. ಮಾದಲ 8, ಬೇಲ 5 ಆದರೂ 107. ಮಾದಲದ ಬೆಲೆಯನ್ನು ಅಡ್ಡ ಅಕ್ಷದಲ್ಲಿ, ಬೇಲದ ಬೆಲೆಯನ್ನು ನಿಂತ ಅಕ್ಷದಲ್ಲಿ ಇಟ್ಟು, ಹೀಗೆ ಹೊಂದುವ ಎಲ್ಲ ಜೋಡಿಗಳನ್ನೂ ಹಾಳೆಯ ಮೇಲೆ ಗುರುತಿಸಿದರೆ ಒಂದು ನೇರ ಗೆರೆ. ಎರಡನೇ ಸಾಲಿಗೆ ಇನ್ನೊಂದು ಗೆರೆ. ಎರಡೂ ಕೂಡುವುದು (8, 5)ರಲ್ಲಿ. ಇಷ್ಟನ್ನು ಎಲ್ಲ ಮಕ್ಕಳೂ ಮಾಡುತ್ತಾರೆ, ಹಾಳೆ ಮಡಚಿಡುತ್ತಾರೆ. ಮಡಚಬಾರದು ಸರ್, ನೋಡಬೇಕಾದ್ದು ಇನ್ನು ಮುಂದೆ ಇದೆ.

ಎರಡೂ ಸಮೀಕರಣ ಕೂಡಿಸಿ, 16ರಿಂದ ಭಾಗಿಸಲಿ: ಮಾ + ಬೇ = 13. ಒಂದರಿಂದ ಒಂದನ್ನು ಕಳೆದು, 2ರಿಂದ ಭಾಗಿಸಲಿ: ಮಾ − ಬೇ = 3. ಈ ಎರಡು ಹೊಸ ಗೆರೆಗಳನ್ನು ಅದೇ ಹಾಳೆಯಲ್ಲಿ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಎಳೆಯಲಿ. ಇಳಿಜಾರು ಬೇರೆ, ಆದರೆ ಎರಡೂ (8, 5)ರ ಮೇಲೇ ಹಾದುಹೋಗುತ್ತವೆ! ಯಾಕೆ? ಆ ಬಿಂದುವಿನಲ್ಲಿ ಹಳೆಯ ಎರಡು ಮಾತೂ ನಿಜ. ನಿಜವಾದ ಎರಡು ಮಾತನ್ನು ಕೂಡಿಸಿದರೂ ಕಳೆದರೂ ಅಲ್ಲಿ ನಿಜವೇ ಉಳಿಯುತ್ತದೆ, ಅಲ್ವಾ? ಆಮೇಲೆ ಈ ಹೊಸ ಎರಡನ್ನು ಕೂಡಿಸಿದರೆ ಮಾ = 8, ನೆಟ್ಟಗೆ ನಿಂತ ಗೆರೆ. ಕಳೆದರೆ ಬೇ = 5, ಅಡ್ಡ ಮಲಗಿದ ಗೆರೆ. ಬೆಲೆ ಈಗ ಅಕ್ಷದ ಮೇಲೆ ನೇರವಾಗಿ ಓದಲು ಸಿಗುತ್ತದೆ.

ಪಾಠದ ಪುಸ್ತಕದ ವಿಧಾನವೂ ಇದೇ. ಮೊದಲನೆಯದನ್ನು 7ರಿಂದ, ಎರಡನೆಯದನ್ನು 9ರಿಂದ ಗುಣಿಸಿದರೆ ಅಂಕಿ ದೊಡ್ಡದಾಗುತ್ತದೆ, ಗೆರೆ ಮಾತ್ರ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಕಳೆದಾಗ 32ಬೇ = 160, ಅಂದರೆ ಮತ್ತೆ ಅದೇ ಅಡ್ಡಗೆರೆ. ಓರೆ ಗೆರೆಗಳ ಜಾಗಕ್ಕೆ ಒಂದು ನಿಂತ ಗೆರೆ, ಒಂದು ಅಡ್ಡಗೆರೆ ತರುವುದು, ಕೂಡುವ ಬಿಂದುವನ್ನು ಮಾತ್ರ ಕದಲಿಸದೆ ಇರುವುದು. ಸಮೀಕರಣ ಬಿಡಿಸುವುದು ಅಂದರೆ ನನ್ನ ಪ್ರಕಾರ ಇಷ್ಟೇ. ಇದನ್ನು ಒಮ್ಮೆ ಕಂಡ ಮಗುವಿಗೆ ‘ಯಾಕೆ ಕಳೆಯಬೇಕು’ ಅನ್ನುವುದನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಮಹಾವೀರಾಚಾರ್ಯರ ಬಳಿ ಗ್ರಾಫ್ ಇರಲಿಲ್ಲ. ಸಮೀಕರಣವನ್ನೂ ಗೆರೆಯನ್ನೂ ಜೋಡಿಸಿದ ಫ್ರಾನ್ಸಿನ ಗಣಿತಜ್ಞ ಡೆಕಾರ್ಟೆಯ ಪುಸ್ತಕ ಬಂದದ್ದು 1637ರಲ್ಲಿ. ನಿಮ್ಮ ಮಗಳ ಕೈಯಲ್ಲಿ ಎರಡೂ ಇವೆ. ಸುಮ್ನೆ ಒಂದನ್ನು ಯಾಕೆ ಬಿಡಬೇಕು?

ಅವಳಿಗೆ ಇನ್ನೊಂದು ಲೆಕ್ಕ ಕೊಡಿ. 9 ಮಾದಲ, 7 ಬೇಲಕ್ಕೆ 107. 18 ಮಾದಲ, 14 ಬೇಲಕ್ಕೆ 220. ವರ್ಜಿಸಲು ಹೋದರೆ ಎರಡು ಅಕ್ಷರವೂ ಮಾಯವಾಗಿ 0 = 6 ಅಂತ ಬರುತ್ತದೆ. ಎಲ್ಲೋ ತಪ್ಪಿದೆ ಅಂತ ಅಳಿಸುವ ಮೊದಲು ಗೆರೆ ಎಳೆದು ನೋಡಲಿ: ಎರಡೂ ಸಮಾಂತರ, ಎಲ್ಲೂ ಕೂಡುವುದಿಲ್ಲ. 220ರ ಬದಲು 214 ಇಟ್ಟರೆ ಏನಾಗುತ್ತದೆ ಅನ್ನುವುದನ್ನು ಅವಳೇ ಕಂಡುಹಿಡಿದು ನಮಗೆ ಬರೆಯಲಿ.

– ಸಂಪಾದಕ