ಜೀವಿಗಳೇ ಪರಿಸರವನ್ನು ಬದಲಿಸುತ್ತವೆ ಎಂದರೆ ವಿಕಾಸವಾದ ತಪ್ಪೇ?

ತಪ್ಪಲ್ಲ. ನೈಸರ್ಗಿಕ ಆಯ್ಕೆ ಹಾಗೇ ಉಳಿಯುತ್ತದೆ. ಆಯ್ಕೆಯ ಒತ್ತಡವನ್ನು, ಅಂದರೆ ಯಾವ ಗುಣ ಉಳಿಯುತ್ತದೆ ಎಂಬುದನ್ನು ನಿರ್ಧರಿಸುವ ಪರಿಸರದ ಪ್ರಭಾವವನ್ನು, ಜೀವಿಯೂ ಭಾಗಶಃ ಸೃಷ್ಟಿಸುತ್ತದೆ ಎಂಬುದಷ್ಟೇ ಸೇರುತ್ತದೆ. 1988ರಲ್ಲಿ ಜೀವಶಾಸ್ತ್ರಜ್ಞ ಜಾನ್ ಆಡ್ಲಿಂಗ್-ಸ್ಮೀ ಇದನ್ನು ‘ನಿಶ್ ಕನ್‌ಸ್ಟ್ರಕ್ಷನ್’ (ಜೀವಿ ತನ್ನ ನೆಲೆಯನ್ನು ತಾನೇ ಕಟ್ಟಿಕೊಳ್ಳುವುದು) ಎಂದು ಕರೆದರು.

ನನ್ನ ಪ್ರಕಾರ ಅತ್ಯಂತ ಸ್ಪಷ್ಟ ಉದಾಹರಣೆ ಹಾಲು. ಸಸ್ತನಿಗಳಲ್ಲಿ ಮೊಲೆಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವ ಕಡಿಮೆಯಾಗುತ್ತದೆ. ಮನುಷ್ಯರು ದನ ಸಾಕಿ ಹಾಲು ಕರೆಯತೊಡಗಿದ್ದು ಮೊದಲು. ಈಗಿನ ಟರ್ಕಿಯಲ್ಲಿ ಸಿಕ್ಕ ಸುಮಾರು 9,000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ಹಾಲಿನ ಕೊಬ್ಬಿನ ಅಂಶವಿದೆ. ದೊಡ್ಡವರಾದ ಮೇಲೂ ಹಾಲು ಜೀರ್ಣಿಸುವ ಗುಣ ವ್ಯಾಪಕವಾದದ್ದು ಸಾವಿರಾರು ವರ್ಷ ತಡವಾಗಿ. ಯುರೋಪಿನಲ್ಲಿ ಅದಕ್ಕೆ ಕಾರಣ, ಲ್ಯಾಕ್ಟೇಸ್ ಜೀನಿನಿಂದ 13,910 ಡಿಎನ್‌ಎ ಅಕ್ಷರ ಹಿಂದೆ ‘ಸಿ’ ಇದ್ದಲ್ಲಿ ‘ಟಿ’ ಬಂದದ್ದು. ಉತ್ತರ ಭಾರತದಲ್ಲೂ ಇದೇ ರೂಪವಿದೆ. ಪೂರ್ವ ಆಫ್ರಿಕದ ಪಶುಪಾಲಕರಲ್ಲಾದರೋ ಬೇರೆಯೇ ಬದಲಾವಣೆಗಳು, ಫಲ ಒಂದೇ. (ಮೊಸರಾಗಿಸಿದರೆ ಲ್ಯಾಕ್ಟೋಸ್ ಕಡಿಮೆಯಾಗುತ್ತದೆ, ಆದ್ದರಿಂದ ಆ ಜೀನಿನ ಲಾಭವೂ ತಗ್ಗಬಹುದು.)

ಹಲವರು ಎಡವುವುದು ಇಲ್ಲೇ: ಹಾಲು ಕುಡಿದದ್ದರಿಂದ ಆ ರೂಪಾಂತರ ಹುಟ್ಟಲಿಲ್ಲ. ಅದು ಆಕಸ್ಮಿಕ. ಹೈನುಗಾರಿಕೆ ಅದಕ್ಕೆ ಬೆಲೆ ತಂದುಕೊಟ್ಟಿತು, ಅಷ್ಟೆ.

ಹಾಗೆಂದು ಜೀವಿ ಮಾಡುವ ಬದಲಾವಣೆಯೆಲ್ಲ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಆಯ್ಕೆಯ ಒತ್ತಡವನ್ನು ಬದಲಿಸುವಷ್ಟು ಕಾಲ ಉಳಿಯಬೇಕು, ಆ ಒತ್ತಡಕ್ಕೆ ಅದೇ ಜೀವಿಯಲ್ಲೋ ಬೇರೊಂದರಲ್ಲೋ ಆನುವಂಶಿಕ ಪ್ರತಿಕ್ರಿಯೆ ಕಾಣಬೇಕು. ಇದು ಹೊಸ ಸಿದ್ಧಾಂತವೋ ಹಳೆಯದಕ್ಕೆ ಹೊಸ ಹೆಸರೋ ಎಂಬ ಬಗ್ಗೆ ಜೀವಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ.