‘ಮಾಮೂಲು’ ಎಂಬ ಪದ ಮತ್ತು 15 ರೂಪಾಯಿಯ ಪಹಣಿ

ನೀವು ಕೇಳಿರುವುದು ಇಷ್ಟು: ವಿದೇಶಕ್ಕೆ ಹೋದ ಕೂಡಲೇ ತೆಪ್ಪಗೆ ಸಾಲಿನಲ್ಲಿ ನಿಲ್ಲುವ ನಮ್ಮವರು ಊರಿಗೆ ಮರಳಿದ ಮರುದಿನವೇ ಯಾರದೋ ಕೈ ಬಿಸಿ ಮಾಡಲು ಹೊರಡುತ್ತಾರಲ್ಲ, ಲಂಚ, ಕಳ್ಳತನ ಇವೆಲ್ಲ ನಮ್ಮ ರಕ್ತದಲ್ಲಿವೆಯೇ, ಸಂಸ್ಕೃತಿಯಲ್ಲಿವೆಯೇ, ಇಲ್ಲ ವ್ಯವಸ್ಥೆಯೇ ಕೆಟ್ಟಿದೆಯೇ?

ನಾನು ಅರ್ಥಶಾಸ್ತ್ರಜ್ಞನಲ್ಲ. ತಾಲ್ಲೂಕು ಕೇಂದ್ರವೊಂದರ ಬ್ಯಾಂಕಿನಲ್ಲಿ ಬೆಳೆಸಾಲದ ಕಡತಗಳನ್ನು ನೋಡುತ್ತ ಇಪ್ಪತ್ತೆಂಟು ವರ್ಷ ಕಳೆದು ನಿವೃತ್ತನಾದವನು. ರೈತರ ಪಹಣಿಗಳನ್ನು, ಅಂದರೆ ಜಮೀನು ಯಾರದೆಂದು ಹೇಳುವ ದಾಖಲೆಗಳನ್ನು, ನೋಡಿದಷ್ಟು ನನ್ನ ಮಕ್ಕಳ ಅಂಕಪಟ್ಟಿಗಳನ್ನೂ ನೋಡಿಲ್ಲ. ಆ ಅನುಭವದ ಬಲದ ಮೇಲೆ ಹೇಳುತ್ತೇನೆ.

ರಕ್ತದ ಮಾತನ್ನು ಮೊದಲು ಮುಗಿಸಿಬಿಡೋಣ. ಅದನ್ನು ನೀವು ಸಲೀಸಾಗಿ ಬರೆದಿದ್ದೀರಿ, ಆದರೆ ನಮ್ಮ ನಾಡಿನಲ್ಲಿ ಅದೊಂದು ಕಾನೂನೇ ಆಗಿತ್ತು. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿದ್ದವರನ್ನು ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಯಪುರಗಳಲ್ಲಿ ಬೇಲಿಯೊಳಗೆ ಇಟ್ಟು, ಹಾಜರಿ ಕೂಗಿ, ಗಿರಣಿ ಕೆಲಸಕ್ಕೆ ಕಳಿಸುತ್ತಿದ್ದರು. ಆ ಬಡಾವಣೆಗಳಿಗೆ ಜನ ಇಂದಿಗೂ ‘ಸೆಟ್ಲ್‌ಮೆಂಟ್’ ಎಂದೇ ಹೇಳುತ್ತಾರೆ. 1952ರ ಆಗಸ್ಟ್ 31ರಂದು ಕಾಯ್ದೆ ಹೋಯಿತು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ’ ಎಂಬ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಗಂಟು ಕದಿಯುವವನು ಎಂದು ಅದರ ಅರ್ಥ. ಶಾಲೆಗೆ ಸೇರುವ ಹುಡುಗಿಯೊಬ್ಬಳು ಜಾತಿ ಪ್ರಮಾಣಪತ್ರದಲ್ಲಿ ಆ ಆರೋಪವನ್ನು ಹೊತ್ತುಕೊಂಡೇ ಹೋಗಬೇಕು. ಬಾಡಿಗೆಗೆ ಮನೆ, ಕೆಲಸ, ಸಾಲ ಯಾವುದೂ ಸಿಗದಂತೆ ಮಾಡಿ, ಆಮೇಲೆ ಅವರಲ್ಲಿ ಒಬ್ಬ ಕದ್ದರೆ ‘ನೋಡಿ, ರಕ್ತ’ ಎನ್ನುವುದು ಎಂಥ ನ್ಯಾಯ?

ಹಾಗೆಂದು ಎಲ್ಲವೂ ಕಾನೂನಿನಿಂದಲೇ, ಸಂಸ್ಕೃತಿಯದೇನೂ ಪಾತ್ರವಿಲ್ಲ ಎನ್ನುವವರನ್ನೂ ನಾನು ನಂಬುವುದಿಲ್ಲ. ನಿಮ್ಮ ವಿದೇಶದ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಒಂದು ಅಧ್ಯಯನವಿದೆ. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆ ಇರುವುದರಿಂದ ಲೋಕದ ಎಲ್ಲ ದೇಶಗಳ ರಾಜತಾಂತ್ರಿಕರೂ ಅಲ್ಲಿ ಕಾರು ಓಡಿಸುತ್ತಾರೆ. ಎಲ್ಲೆಂದರಲ್ಲಿ ನಿಲ್ಲಿಸಿದರೆ ಪೊಲೀಸರು ದಂಡದ ಚೀಟಿ ಅಂಟಿಸುತ್ತಿದ್ದರು, ಆದರೆ ರಾಜತಾಂತ್ರಿಕ ರಕ್ಷಣೆ ಇದ್ದುದರಿಂದ ವಸೂಲಿ ಮಾಡುವಂತಿರಲಿಲ್ಲ. ಅಂದರೆ ಬೀದಿ ಒಂದೇ, ಕಾನೂನು ಒಂದೇ, ಶಿಕ್ಷೆ ಯಾರಿಗೂ ಇಲ್ಲ. ರೇಮಂಡ್ ಫಿಸ್ಮನ್, ಎಡ್ವರ್ಡ್ ಮಿಗೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ತೆಗೆದಾಗ, 1997ರಿಂದ 2002ರವರೆಗೆ ಕಟ್ಟದೆ ಬಿಟ್ಟ ಚೀಟಿಗಳು ಒಂದೂವರೆ ಲಕ್ಷ ದಾಟಿದ್ದವು. ದಂಡದ ಮೊತ್ತ 1.8 ಕೋಟಿ ಡಾಲರಿಗೂ ಹೆಚ್ಚು. ಕುವೈತಿನವರದು ತಲೆಗೆ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಚೀಟಿ. ನಾರ್ವೆ, ಸ್ವೀಡನ್‌ನವರದು ಸೊನ್ನೆ. ತಮ್ಮ ದೇಶದಲ್ಲಿ ಲಂಚ ಹೆಚ್ಚಿದ್ದವರು ಅಲ್ಲಿಯೂ ಹೆಚ್ಚು ಚೀಟಿ ಗಳಿಸಿದ್ದರು. ಸಂಸ್ಕೃತಿ ವಿಮಾನ ಹತ್ತಿಯೂ ಬರುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2002ರ ಕೊನೆಯಲ್ಲಿ ನಗರಕ್ಕೆ ಹೊಸ ಅಧಿಕಾರ ಸಿಕ್ಕಿತು. ಬಾಕಿ ಉಳಿಸಿಕೊಂಡ ಕಾರಿನ ರಾಜತಾಂತ್ರಿಕ ಫಲಕವನ್ನು ಕಿತ್ತುಕೊಳ್ಳಬಹುದು, ಬಾಕಿಯ ಶೇ 110ರಷ್ಟನ್ನು ಆ ದೇಶಕ್ಕೆ ಅಮೆರಿಕ ಕೊಡುವ ನೆರವಿನಲ್ಲೇ ಕಡಿತ ಮಾಡಬಹುದು ಎಂದಾಯಿತು. ಉಲ್ಲಂಘನೆಗಳು ಹೆಚ್ಚುಕಡಿಮೆ ಶೇ 98ರಷ್ಟು ಇಳಿದುಹೋದವು. ರಕ್ತ ಬದಲಾಗಲಿಲ್ಲ, ಸಂಸ್ಕೃತಿಯೂ ಬದಲಾಗಲಿಲ್ಲ, ಕಾರಿನ ನಂಬರ್ ಪ್ಲೇಟ್ ಹೋಗುತ್ತದೆಂಬ ಭಯ ಒಂದೇ ಹೊಸದು.

ಈಗ ನಮ್ಮ ಕಡೆಗೆ ಬರುತ್ತೇನೆ. ಲಂಚಕ್ಕೆ ನಾವು ಬಳಸುವ ‘ಮಾಮೂಲು’ ಎಂಬ ಪದವನ್ನೇ ನೋಡಿ. ಅದರ ಮೂಲ ಅರ್ಥ ರೂಢಿ, ವಾಡಿಕೆ ಎಂದು, ಅಷ್ಟೆ. ಕೊಡುವವನಿಗೂ ತೆಗೆದುಕೊಳ್ಳುವವನಿಗೂ ನಾಚಿಕೆ ಆಗದಂತೆ ಆ ಪದ ಕಾಯುತ್ತದೆ. ‘ಲಂಚ ಕೊಟ್ಟೆ’ ಎಂದು ನಮ್ಮೂರಿನಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ‘ಅವರದು ಏನಿದೆಯೋ ಅದನ್ನು ಕೊಟ್ಟು ಬಂದೆ’ ಎನ್ನುತ್ತಾರೆ. ಅವರದು! ನಮ್ಮ ಜೇಬಿನಲ್ಲಿರುವಾಗಲೇ ಅದು ಅವರದಾಗಿರುತ್ತದೆ.

ಜಮೀನಿನ ದಾಖಲೆಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಎಂಬ ಸರ್ಕಾರಿ ಯೋಜನೆಗೆ ಮುಂಚೆ ಪಹಣಿ ಕೈಬರಹದ್ದು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು, ಮೂರು ನಾಲ್ಕು ಹಳ್ಳಿಗಳ ಪುಸ್ತಕ ಒಬ್ಬರ ಕೈಯಲ್ಲಿ. ಯಾವ ದಿನ ಎಲ್ಲಿರುತ್ತಾರೆ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತಿತ್ತು. ನಮ್ಮ ಚಿಕ್ಕಪ್ಪ ಒಂದು ಪಹಣಿಗಾಗಿ ಮೂರು ಸಂತೆ ಕಾದದ್ದಿದೆ. ಲೆಕ್ಕಿಗರು ಸಂತೆಯ ದಿನ ಹೋಟೆಲಿನ ಬೆಂಚಿನ ಮೇಲೆ ಕೂತು, ಚೀಲದಿಂದ ಪುಸ್ತಕ ತೆಗೆದು, ಕಾರ್ಬನ್ ಹಾಳೆ ಇಟ್ಟು ಬರೆಯುತ್ತಿದ್ದರು. ಬರೆಯುವ ಮುಂಚೆ ಕಾಫಿ, ಬರೆದ ಮೇಲೆ ಮಾಮೂಲು. ಆ ಮನುಷ್ಯ ಕೆಟ್ಟವರೇನಲ್ಲ, ಅಜ್ಜಿ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರು. ಆದರೆ ಪುಸ್ತಕ ಅವರ ಚೀಲದಲ್ಲಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಪೂಜಾರಿಯ ಗುಣದ ಬಗ್ಗೆ ಎಂದು ಎಲ್ಲರೂ ತಿಳಿದಿದ್ದಾರೆ. ನನಗೇನೋ ಅದು ಪೂಜಾರಿ ನಿಂತಿರುವ ಜಾಗದ ಬಗ್ಗೆ ಎನಿಸುತ್ತದೆ.

ಆಮೇಲೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಏರಿಸಿ, 177 ತಾಲ್ಲೂಕುಗಳಲ್ಲಿ ಕೌಂಟರ್ ತೆರೆದರು. ಪಹಣಿಗೆ ಆಗ 15 ರೂಪಾಯಿ. ಒಳಗೆ ಕೂತವನು ಬೆರಳಚ್ಚು ಒತ್ತಿಯೇ ಗಣಕ ತೆರೆಯಬೇಕು, ಯಾರು ಏನು ಮುಟ್ಟಿದರೆಂಬುದು ದಾಖಲಾಗುತ್ತದೆ. ಹೊರಗೆ ನಿಂತವನ ಕಡೆಗೂ ಒಂದು ಪರದೆ ಇಟ್ಟಿದ್ದರು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು, ಹಿಂದಿನದನ್ನು ಬಿಟ್ಟು ಮುಂದಿನದನ್ನು ತೆಗೆಯಲು ತಂತ್ರಾಂಶ ಬಿಡುವುದಿಲ್ಲ.

ಮೊದಲ ಸಲ ಚಿಕ್ಕಪ್ಪನನ್ನು ಕರೆದುಕೊಂಡು ಹೋದವನು ನಾನೇ. ಅವರು 15 ರೂಪಾಯಿಯ ಕೆಳಗೆ ಮಡಿಸಿದ 50ರ ನೋಟೊಂದನ್ನು ಇಟ್ಟು ಕೌಂಟರಿನ ಒಳಗೆ ಸರಿಸಿದರು. ಒಳಗಿದ್ದ ಹುಡುಗ ನೋಟನ್ನು ಹಿಂದಕ್ಕೆ ತಳ್ಳಿದ. ಚಿಕ್ಕಪ್ಪ ಮತ್ತೆ ಸರಿಸಿದರು. ಹುಡುಗ ಮತ್ತೆ ತಳ್ಳಿದ, ಮುಖ ಕೂಡ ಎತ್ತಲಿಲ್ಲ. ಐದು ನಿಮಿಷದಲ್ಲಿ ಕಾಗದ ಕೈಗೆ ಬಂತು. ಮೆಟ್ಟಿಲು ಇಳಿಯುತ್ತ ಚಿಕ್ಕಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಅವರಿಗೆ ಖುಷಿಯಾಗಿರಲಿಲ್ಲ. ‘ದುಡ್ಡು ಮುಟ್ಟಲಿಲ್ಲವಲ್ಲ ಮಾರಾಯ, ಈ ಕಾಗದ ನಡೆಯುತ್ತದೆಯೇ?’ ಎಂದು ನನ್ನನ್ನು ಕೇಳಿದರು. ನಿಮ್ಮ ಪ್ರಶ್ನೆಯಲ್ಲಿರುವ ‘ಸಂಸ್ಕೃತಿ’ ಎಂದರೆ ನನ್ನ ಪ್ರಕಾರ ಆ ಅನುಮಾನ. ಕೇಳದಿದ್ದರೂ ಕೊಡುವುದು, ಕೊಟ್ಟದ್ದು ವಾಪಸ್ ಬಂದರೆ ಹೆದರುವುದು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಆ ಕೌಂಟರಿನಲ್ಲಿ ಹೆಚ್ಚಿಗೆ ದುಡ್ಡು ಇಡುವುದು ಅವರಿಗೆ ಮರೆತೇಹೋಗಿತ್ತು. ನೀತಿಪಾಠ ಯಾರೂ ಹೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಸರ್ಕಾರದ ಜಾಹೀರಾತು ಆಗುತ್ತದೆ. ಪಹಣಿ ಕೊಡುವಲ್ಲಿ ಒಳಗಿನವನ ಮರ್ಜಿಗೆ ಜಾಗ ಉಳಿಯಲಿಲ್ಲ, ನಿಜ. ಆದರೆ ಗಣಕಕ್ಕೆ ಏರಿಸುವಾಗ ನಮ್ಮಪ್ಪನ ಹೆಸರಿನ ಒಂದು ಅಕ್ಷರ ತಪ್ಪಿತ್ತು, ಅದರ ತಿದ್ದುಪಡಿಗೆ ಯಾವ ಕೌಂಟರೂ ಇರಲಿಲ್ಲ, ಮೇಜುಗಳಿದ್ದವು. ಜಮೀನು ಅಳೆದು ಹಿಸ್ಸೆ ಬೇರೆ ಮಾಡುವ ಪೋಡಿ ಕೆಲಸವಂತೂ ಹೊಲದಲ್ಲೇ ಆಗಬೇಕು. ಭೂಮಾಪಕ ಯಾವತ್ತು ಬರುತ್ತಾನೆ, ಗಡಿಕಲ್ಲು ಬದುವಿನ ಈಚೆಗೋ ಆಚೆಗೋ ಎಂಬುದು ಯಾವ ಪರದೆಯ ಮೇಲೂ ಕಾಣುವುದಿಲ್ಲ. ಚೀಲದಲ್ಲಿದ್ದ ಮಾಮೂಲು ಅಲ್ಲಿಗೆ ಹೋಗಿ ಕೂತಿತು. 2012ರಿಂದ, ಸರ್ಕಾರಿ ಕೆಲಸ ಗಡುವಿನೊಳಗೆ ಆಗಬೇಕೆನ್ನುವ ‘ಸಕಾಲ’ ಬಂದಿದೆ, ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಗಡುವಿಗೆ ಎರಡು ದಿನ ಇರುವಾಗ ‘ದಾಖಲೆ ಅಪೂರ್ಣ’ ಎಂದು ಅರ್ಜಿ ತಿರಸ್ಕರಿಸಿದರೆ ಆ 20 ರೂಪಾಯಿಯೂ ಉಳಿಯುತ್ತದೆ ಎನ್ನುವುದನ್ನು ನಾನು ಸ್ವಂತ ಅರ್ಜಿಯಿಂದಲೇ ಕಲಿತೆ.

ಆದ್ದರಿಂದ ‘ಸಂಸ್ಕೃತಿಯೋ ವ್ಯವಸ್ಥೆಯೋ’ ಎಂಬ ಪ್ರಶ್ನೆಯನ್ನು ನಾನು ಬೇರೆ ರೀತಿ ಕೇಳುತ್ತೇನೆ. ಕಾಗದ ಯಾರ ಕೈಯಲ್ಲಿದೆ, ತಡ ಮಾಡಿದರೆ ಅವನು ಏನು ಕಳೆದುಕೊಳ್ಳುತ್ತಾನೆ? ವಿದೇಶದಲ್ಲಿ ನಮ್ಮ ಸಂಬಂಧಿಕರು ನೆಟ್ಟಗಿರುವುದು ಅವರು ಅಲ್ಲಿ ಸಜ್ಜನರಾದದ್ದರಿಂದಲ್ಲ. ಅಲ್ಲಿ ಕೈ ಬಿಸಿ ಮಾಡಿಸಿಕೊಂಡವನ ಕೆಲಸ ಹೋಗುತ್ತದೆ, ಮಾಡದವನ ಕೆಲಸವೂ ಸಮಯಕ್ಕೆ ಆಗುತ್ತದೆ. ಊರಿಗೆ ಬಂದಾಗ ಅವರ ರಜೆ ಮೂರು ವಾರ, ನೋಂದಣಿ ಇನ್ನೂ ಬಾಕಿ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಷ್ಟು ಬರೆದದ್ದು ಬೂಟಾಟಿಕೆಯಾಗುತ್ತದೆ. 2019ರಲ್ಲಿ ನಮ್ಮ ಹೊಲದ ಪೋಡಿಗೆ ನಾನೂ ಕೊಟ್ಟೆ. ಅದಾಗಲೇ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ ಜಾರಿಯಲ್ಲಿತ್ತು. ಲಂಚ ಕೊಡುವುದೂ ಅಪರಾಧ, ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವನಿಗೆ ಮಾತ್ರ ರಕ್ಷಣೆ. ಬ್ಯಾಂಕಿನಲ್ಲಿದ್ದವನು, ನನಗೆ ಇದು ಸೆಕ್ಷನ್ ಸಮೇತ ಗೊತ್ತಿತ್ತು. ಏಳು ದಿನ ಕಳೆದವು. ತಮ್ಮನ ಹಿಸ್ಸೆಯ ಅಳತೆ ಇನ್ನೂ ಬಾಕಿ ಇತ್ತು, ಅಳೆಯಲು ಅದೇ ಮನುಷ್ಯ ಬರಬೇಕಿತ್ತು.